ಗ್ಯಾಸ್ ಮಾತ್ರೆ, ತಲೆಸುತ್ತಿನ ಮಾತ್ರೆಯಿಂದ ಕೈ ನಡುಕ ಬರುತ್ತಾ? ಗೊತ್ತಿರೋರು ಹೇಳಿ

ಆಲೂರು_ಹೈದ
ಎಲ್ರಿಗೂ ನಮಸ್ಕಾರ. ನಮ್ಮವ್ವಂಗೆ 63 ವರ್ಷ. ಆಲೂರು ತಾಲ್ಲೂಕು, ಒಂಚೂರು ಕಾಫಿ ಮೆಣಸು ಐತೆ. ಹೋದ್ ವರ್ಷ ಕೊಯ್ಲಿನ ಟೈಮಲ್ಲಿ ಆಳುಗಳ ಜೊತೆ ಸಮಕ್ಕೆ ಹಣ್ಣು ಕುಯ್ಕಂಡು ಓಡಾಡ್ಕಂಡಿದ್ರು, ಈಗ ನೋಡಿದ್ರೆ ಎರಡೂ ಕೈ ಅದುರ್ತವೆ, ಕಾಲು ಎತ್ತಿ ಇಡಲ್ಲ ಎಳ್ಕಂಡೇ ನಡೀತಾರೆ, ಮುಖದಲ್ಲಿ ನಗು ಅನ್ನೋದೇ ಇಲ್ಲ, ಮನೆಗೆ ಬಂದ ನೆಂಟ್ರೆಲ್ಲ ಯಾಕವ್ವ ನಮ್ಮ ಮೇಲೆ ಕ್ವಾಪನಾ ಅಂತ ಕೇಳೋಹಂಗಾಗೈತೆ. ಅಕ್ಕಿರೊಟ್ಟಿ ತಟ್ಟಕ್ಕೆ ಕೂತ್ರೆ ಶುರುನಲ್ಲಿ ಅಗಲಕ್ಕೇ ತಟ್ತಾರೆ, ಬರ್ತಾ ಬರ್ತಾ ಕೈ ಆಡೋದೇ ಚಿಕ್ಕದಾಗಿ ಕೊನೆಗೆ ಒಂದೇ ಜಾಗದಲ್ಲಿ ಬೆರಳು ಅಲ್ಲಾಡ್ತಿರ್ತದೆ. ಸ್ತ್ರೀಶಕ್ತಿ ಸಂಘದ ಪುಸ್ತಕದಲ್ಲಿ ಸೈನ್ ನೋಡಿದೆ, ತಿಂಗಳಿಂದ ತಿಂಗಳಿಗೆ ಅಕ್ಷರ ಸಣ್ಣ ಆಗ್ತಾ ಹೋಗೈತೆ, ಈಗಿನದ್ದು ಇರುವೆ ಸಾಲು ಇದ್ದಂಗೈತೆ.

ಒಬ್ರು ಡಾಕ್ಟ್ರು ನೋಡಿ ಪಾರ್ಕಿನ್ಸನ್ ಅಂದ್ರು, ಮಾತ್ರೆ ಬರ್ಕೊಟ್ಟು ಇನ್ನು ಬದುಕಿರೋವರ್ಗೂ ತಗೋಬೇಕು ಅಂದ್ರು. ನಮ್ಮ ವಂಶದಲ್ಲಿ ಯಾರ್ಗೂ ಇಲ್ಲ ಈ ಕಾಯಿಲೆ. ನಮ್ ಭಾವ ಎಲ್ಲೋ ಓದ್ಬುಟ್ಟು ಗ್ಯಾಸ್ ಮಾತ್ರೆಯಿಂದ್ಲೂ ಹಿಂಗಾಗುತ್ತಂತೆ ಅಂತಾವ್ರೆ. ಹೌದಾ? ಈ ಕಾಲದಲ್ಲಿ ಗ್ಯಾಸ್ ಮಾತ್ರೆ ನುಂಗ್ದೇ ಇರೋ ಮನೆ ಯಾವ್ದಿದೆ ಹೇಳಿ.

ಮಾತ್ರೆಅಂಗಡಿ
ಮೂಡಿಗೆರೆ ಕಡೆಯಿಂದ. ನಾನು ಫಾರ್ಮಸಿಸ್ಟ್, ಡಾಕ್ಟ್ರಲ್ಲ, ಅದನ್ನ ಮೊದ್ಲೇ ಹೇಳ್ಬಿಡ್ತೀನಿ. ನಿಮ್ ಭಾವ ಹೇಳಿದ್ರಲ್ಲಿ ವಿಷಯ ಇದೆ, ಆದ್ರೆ ಎಲ್ಲ ಗ್ಯಾಸ್ ಮಾತ್ರೆಗೂ ಈ ಮಾತು ಹೊಂದಲ್ಲ. ಸ್ಟ್ರಿಪ್ಪಿನ ಹಿಂದೆ ಕಂಪನಿ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಒಳಗೇನಿದೆ ಅಂತ ಬರೆದಿರುತ್ತೆ, ಅದನ್ನ ಹಾಕಿ. ಬಿಪಿ ಶುಗರ್ರು ತಲೆಸುತ್ತು ನಿದ್ದೆ ಏನೇನು ತಗೋತಾರೋ ಎಲ್ಲದ್ದೂ ಹಾಕಿ. ಎಷ್ಟು ಸಮಯದಿಂದ ಅನ್ನೋದೂ ಬೇಕು. ಇನ್ನೊಂದು, ನಡುಕ ಎರಡೂ ಕೈಯಲ್ಲಿ ಒಟ್ಟಿಗೇ ಶುರುವಾಯ್ತಾ ಇಲ್ಲಾ ಒಂದು ಕೈಯಲ್ಲಿ ಮೊದ್ಲು ಬಂತಾ?

ಹಳೇಬೀಡು_ಮೇಷ್ಟ್ರು
ನಾನು ರಿಟೈರ್ ಆಗೋಕ್ ಮುಂಚಿಂದ ಬೆಳಿಗ್ಗೆ ಎದ್ದ ತಕ್ಷಣ ಗ್ಯಾಸ್ ಮಾತ್ರೆ ತಗೊಳ್ತಾ ಇದ್ದೀನಿ, ನನ್ನ ಕೈ ಏನೂ ನಡುಗಲ್ಲ, ಈಗ್ಲೂ ಬೋರ್ಡ್ ಮೇಲೆ ಗೆರೆ ಎಳೆದ್ರೆ ನೆಟ್ಟಗೆ ಬರುತ್ತೆ. ಸುಮ್ನೆ ಜನರನ್ನ ಹೆದರಿಸಬೇಡ್ರಪ್ಪ, ಆಮೇಲೆ ಇರೋ ಬರೋ ಮಾತ್ರೆ ಎಲ್ಲಾ ಬಿಟ್ಟು ಕೂತ್ಕೋತಾರೆ.

ಆಲೂರು_ಹೈದ
ಅಣ್ಣ ಡಬ್ಬ ಹುಡುಕ್ದೆ. ಬಿಪಿಗೆ ಆಮ್ಲೋಡಿಪಿನ್. ಗ್ಯಾಸ್‌ದು ಕ್ಯಾಪ್ಸೂಲು, ರಾಬೆಪ್ರಜೋಲ್ ಮತ್ತೆ ಲೆವೋಸಲ್ಪಿರೈಡ್ 75 ಅಂತೈತೆ. ತಲೆಸುತ್ತಿಗೆ ಒಂದು, ಅದ್ರದ್ದು ನಾಲ್ಕೇ ಮಾತ್ರೆ ಕತ್ತರಿಸಿ ಕೊಟ್ಟವ್ರೆ, ಹೆಸ್ರು ಇರೋ ಭಾಗ ಅಂಗಡೀಲೇ ಉಳ್ಕಂಡೈತೆ. ಹಳೇ ಚೀಟಿ ನೋಡಿದ್ರೆ ಸಿನ್ನರಿಜಿನ್ ಅಂತ ಓದೋಕಾಗುತ್ತೆ. ಡಾಕ್ಟ್ರು 15 ದಿನಕ್ಕೆ ಬರೆದಿದ್ದು. ಆ ಚೀಟಿನೇ ಇಟ್ಕಂಡು ಸಂತೆಗೆ ಹೋದಾಗೆಲ್ಲ ತರ್ತಾವ್ರೆ ಅಪ್ಪ, ಒಂದು ವರ್ಷದ ಮೇಲಾಯ್ತು. ಅಂಗಡಿಯೋರೂ ಕೇಳಲ್ಲ, ಚೀಟಿ ಮಡಿಚಿ ಮಡಿಚಿ ಹರಿದೋಗೈತೆ. ನಡುಕ ಎರಡೂ ಕೈಗೂ ಒಟ್ಟಿಗೇ ಬಂದಿದ್ದು ಅಂತಾರೆ ಅವ್ವ.

ಮಾತ್ರೆಅಂಗಡಿ
ಸಿಕ್ತು ನೋಡಿ. ಎರಡೂ ಇವೆ, ಲೆವೋಸಲ್ಪಿರೈಡೂ ಸಿನ್ನರಿಜಿನ್ನೂ. ಸ್ವಲ್ಪ ಉದ್ದ ಆಗುತ್ತೆ ಓದ್ಕೊಳ್ಳಿ.

ನಮ್ಮ ಮೆದುಳಲ್ಲಿ ಕೈಕಾಲು ಚಲನೆ ಸರಾಗವಾಗಿ ಆಗೋಕೆ ಡೋಪಮಿನ್ ಅಂತ ಒಂದು ರಾಸಾಯನಿಕ ಬೇಕು. ನಿಜವಾದ ಪಾರ್ಕಿನ್ಸನ್‌ನಲ್ಲಿ ಅದನ್ನ ತಯಾರು ಮಾಡೋ ಜೀವಕೋಶಗಳೇ ಸಾಯ್ತಾ ಹೋಗ್ತವೆ. ಈ ಔಷಧಿಗಳಲ್ಲಿ ಕೋಶ ಸಾಯಲ್ಲ, ಡೋಪಮಿನ್ ಬಂದು ಕೂರೋ ಜಾಗವನ್ನೇ ಔಷಧಿ ಹೋಗಿ ಮುಚ್ಚಿಬಿಡುತ್ತೆ, ಹೊರಗಿಂದ ನೋಡೋರಿಗೆ ಎರಡೂ ಒಂದೇ ಥರ ಕಾಣುತ್ತೆ. ವಾಂತಿ, ಹೊಟ್ಟೆ ಉಬ್ಬರ ಕಡಿಮೆ ಮಾಡೋದೂ ಅದೇ ಡೋಪಮಿನ್‌ನ ತಡೆದೇ. ಮಾನಸಿಕ ಕಾಯಿಲೆಗೆ ಕೊಡೋ ಹ್ಯಾಲೋಪೆರಿಡಾಲ್, ವಾಂತಿಗೆ ಕೊಡೋ ಮೆಟೋಕ್ಲೋಪ್ರಮೈಡ್, ತಲೆಸುತ್ತಿಗೆ ಎಲ್ರ ಮನೇಲೂ ಇರೋ ಸ್ಟೆಮೆಟಿಲ್, ಅಂದ್ರೆ ಪ್ರೋಕ್ಲೋರ್‌ಪೆರಜಿನ್, ಮೈಗ್ರೇನ್‌ಗೆ ಕೊಡೋ ಫ್ಲುನರಿಜಿನ್, ನಿಮ್ಮವ್ವನ ಸಿನ್ನರಿಜಿನ್, ಎಲ್ಲಾ ಈ ವಿಷಯದಲ್ಲಿ ಒಂದೇ ಬಳಗ. ಪಾರ್ಕಿನ್ಸನ್ ಥರದ ಲಕ್ಷಣಕ್ಕೆ ಮುಖ್ಯ ಕಾರಣ ಪಾರ್ಕಿನ್ಸನ್ ಕಾಯಿಲೆನೇ, ಅದರ ನಂತರದ ಸ್ಥಾನ ಔಷಧಿಗಳಿಗೆ ಅಂತ ನರರೋಗದವ್ರು ಪಾಠದಲ್ಲೇ ಓದಿರ್ತಾರೆ. ವಯಸ್ಸಾದೋರಿಗೆ, ಅದ್ರಲ್ಲೂ ಹೆಂಗಸರಿಗೆ ಜಾಸ್ತಿ.

ಮೇಷ್ಟ್ರೆ, ನಿಮ್ದು ಬರೀ ಪ್ಯಾಂಟೊಪ್ರಜೋಲ್ ಇರ್ಬೇಕು. ಅದು ಆಸಿಡ್ ಕಡಿಮೆ ಮಾಡುತ್ತೆ ಅಷ್ಟೆ, ನಡುಕ ತರೋ ಬಳಗದ್ದಲ್ಲ. ಹೆಸರಿನ ಕೊನೇಲಿ ಡಿ ಇದ್ರೆ ಹೆಚ್ಚಾಗಿ ಡೋಂಪೆರಿಡೋನ್ ಸೇರಿರುತ್ತೆ, ಅದು ಮೆದುಳಿಗೆ ಅಷ್ಟಾಗಿ ದಾಟಲ್ಲ. ಎಲ್ ಅಥವಾ ಎಲ್‌ಎಸ್ ಇದ್ರೆ ಲೆವೋಸಲ್ಪಿರೈಡ್. ಜನ ಮೂರನ್ನೂ ಗ್ಯಾಸ್ ಮಾತ್ರೆ ಅಂತಾನೇ ಕೇಳೋದು, ನಮ್ಮ ಕೌಂಟರಲ್ಲಿ ಕೊಡೋ ಹುಡುಗರೂ ಹಂಗೇ ಕೊಡೋದು. ಲೆವೋಸಲ್ಪಿರೈಡ್, ಸಿನ್ನರಿಜಿನ್, ಫ್ಲುನರಿಜಿನ್ ಮೂರಕ್ಕೂ ಅಮೆರಿಕದಲ್ಲಿ ಅನುಮತಿನೇ ಇಲ್ಲ, ಇಲ್ಲಿ ಸಾಂಬಾರ್ ಪುಡಿ ಥರ ಹೋಗುತ್ತೆ. ಮೆಟೋಕ್ಲೋಪ್ರಮೈಡ್‌ಗೆ ಅವ್ರು 2009ರಲ್ಲೇ ಔಷಧಿ ಜೊತೆ ಬರೋ ಮಾಹಿತಿ ಕಾಗದದಲ್ಲಿ ಕಪ್ಪು ಚೌಕದ ಎಚ್ಚರಿಕೆ ಹಾಕಿಸಿದ್ರು, 12 ವಾರಕ್ಕಿಂತ ಜಾಸ್ತಿ ಬೇಡ ಅಂತ. ಯುರೋಪಿನವ್ರು 2013ರಲ್ಲಿ ಅದನ್ನ 5 ದಿನಕ್ಕೆ ಇಳಿಸಿದ್ರು.

ನೀವೇ ನಿಲ್ಸೋಕೆ ಹೋಗ್ಬೇಡಿ. ಎಲ್ಲಾ ಸ್ಟ್ರಿಪ್ಪು, ಹರಿದಿರೋ ಚೀಟಿ ಸಮೇತ ಒಂದು ಕವರಿಗೆ ಹಾಕ್ಕೊಂಡು ನರರೋಗದ ಡಾಕ್ಟ್ರ ಹತ್ರ ಹೋಗಿ, ಹಾಸನದಲ್ಲೇ ಸಿಗ್ತಾರೆ. ಸಂಘದ ಪುಸ್ತಕದ ಫೋಟೋನೂ ತೋರ್ಸಿ, ಅದು ಒಳ್ಳೇ ಸಾಕ್ಷಿ.

ಕೊಪ್ಪದ_ಭಟ್ರು
ಎಂತ ಕಥೆ ಮಾರಾಯ್ರೆ ಇದು. ನಮ್ಮ ಅತ್ತೆಗೆ ಎಲ್‌ಎಸ್ ಇರುವ ಮಾತ್ರೆ ಕೊಡ್ತಾ ಇದ್ದರು, ನಡುಕ ಅಂತೂ ಇಲ್ಲ, ಆದ್ರೆ ಕೂತಲ್ಲಿ ಕೂರುದಿಲ್ಲ, ಐದು ನಿಮಿಷಕ್ಕೊಮ್ಮೆ ಎದ್ದು ಅಂಗಳಕ್ಕೆ ಹೋಗುದು ಬರುದು, ಊಟದ ಎಲೆ ಮುಂದೆ ಕೂಡ ಕಾಲು ಅಲ್ಲಾಡಿಸ್ತಾ ಇರುದು. ನಾವು ಮಗಳ ಮದುವೆ ಟೆನ್ಶನ್ ಅಂದ್ಕೊಂಡಿದ್ದೆವು. ಅದೂ ಇದೇ ಬಾಬತ್ತಾ?

ಮಾತ್ರೆಅಂಗಡಿ
ಆಗಿರೋ ಸಾಧ್ಯತೆ ಇದೆ ಭಟ್ರೆ. ಒಳಗಿಂದ ಚಡಪಡಿಕೆ, ಕೂರೋಕಾಗ್ದೇ ಇರೋದು, ಇದನ್ನ ಅಕಥೀಸಿಯಾ ಅಂತಾರೆ, ಇದೇ ಔಷಧಿಗಳಿಂದ ಬರೋದು. ಬರೆದುಕೊಟ್ಟೋರಿಗೆ ಫೋನ್ ಮಾಡಿ ಇವತ್ತೇ ಹೇಳಿ. ಇದನ್ನೇ ಗಾಬರಿ ಕಾಯಿಲೆ ಅಂದ್ಕೊಂಡು ಮೇಲೊಂದು ನಿದ್ದೆ ಮಾತ್ರೆ ಸೇರಿಸೋದೂ ನಡೆಯುತ್ತೆ.

ನರ್ಸಕ್ಕ_ಸಕಲೇಶಪುರ
ನಂದೂ ಒಂದು ಸೇರಿಸ್ತೀನಿ, ಇದು ವಯಸ್ಸಿನ ಹುಡುಗ್ರು ಹುಡುಗೀರ ವಿಷಯ. ನಾನು ರಾತ್ರಿ ಡ್ಯೂಟಿಲಿದ್ದಾಗ ಎಸ್ಟೇಟ್ ಲೈನಿಂದ ಒಂದು ಹುಡುಗೀನ ಜೀಪಲ್ಲಿ ಕರ್ಕೊಂಡ್ ಬಂದ್ರು. ಕತ್ತು ಒಂದು ಪಕ್ಕಕ್ಕೆ ತಿರುಚ್ಕೊಂಡು, ಕಣ್ಣುಗುಡ್ಡೆ ಮೇಲಕ್ಕೆ ಹೋಗಿ ಬರೀ ಬಿಳಿ ಕಾಣ್ತಿದೆ, ನಾಲಗೆ ಹೊರಗೆ, ಮಾತಾಡೋಕಾಗ್ತಿಲ್ಲ ಆದ್ರೆ ಎಚ್ಚರ ಇದೆ, ಹೆಸರು ಕರೆದ್ರೆ ಕೈ ಎತ್ತುತ್ತೆ. ಮನೆಯೋರು ಮೊದ್ಲು ದೇವಸ್ಥಾನಕ್ಕೆ ಹೋಗಿದ್ರಂತೆ, ಚೌಡಿ ಮೆಟ್ಕೊಂಡಿದೆ ಅಂತ ಹಣೆ ತುಂಬಾ ಭಂಡಾರ ಬಳಿದಿದ್ರು, ಕೈಗೆ ನಿಂಬೆಹಣ್ಣು. ಜೊತೆಗಿದ್ದ ಇನ್ನೊಬ್ರು ಫಿಟ್ಸ್ ಅಂತ ಕಬ್ಬಿಣದ ಬೀಗದ ಕೈ ಹಿಡಿಸ್ತಾ ಇದ್ದಾರೆ. ನಮ್ಮ ಡಾಕ್ಟ್ರು ಬಂದೋರೇ ಕೇಳಿದ್ದು ಒಂದೇ ಮಾತು, ವಾಂತಿಗೆ ಏನಾದ್ರೂ ಇಂಜೆಕ್ಷನ್ ಆಗಿತ್ತಾ ಅಂತ. ಹಿಂದಿನ ದಿನ ವಾಂತಿಭೇದಿ ಆಗಿ ಎಲ್ಲೋ ಸೂಜಿ ಹಾಕ್ಸಿದ್ರಂತೆ, ಮೆಟೋಕ್ಲೋಪ್ರಮೈಡ್. ಪ್ರೊಮೆಥಜಿನ್ ಇಂಜೆಕ್ಷನ್ ಕೊಟ್ವಿ, ಅರ್ಧ ಗಂಟೆ ಒಳಗೆ ಕತ್ತು ಸಡಿಲ ಆಗಿ ಎದ್ದು ಕೂತು ನೀರು ಕೇಳ್ತು ಆ ಮಗು.

ಇದಕ್ಕೆ ಡಿಸ್ಟೋನಿಯಾ ಅಂತಾರೆ. ಔಷಧಿ ಕೊಟ್ಟು ಒಂದೆರಡು ದಿನದೊಳಗೇ ಬರೋದು, ವಯಸ್ಸಾದೋರಿಗಿಂತ ಚಿಕ್ಕ ವಯಸ್ಸಿನೋರಿಗೆ ಜಾಸ್ತಿ. ಫಿಟ್ಸಲ್ಲಿ ಸಾಮಾನ್ಯಕ್ಕೆ ಎಚ್ಚರ ತಪ್ಪುತ್ತೆ, ಇದ್ರಲ್ಲಿ ಎಚ್ಚರ ಪೂರ್ತಿ ಇರುತ್ತೆ, ಪಾಪ ಎಲ್ಲಾ ಕೇಳಿಸ್ತಿರುತ್ತೆ ಅವ್ರಿಗೆ, ಸುತ್ತ ನಿಂತೋರು ಏನೇನು ಮಾತಾಡ್ತಾರೋ ಅದೆಲ್ಲಾನೂ. ಒಂದ್ಸಲ ಆದೋರು ಆ ಔಷಧಿ ಹೆಸರನ್ನ ಆಧಾರ್ ಕಾರ್ಡ್ ಜೊತೆ ಬರೆದಿಟ್ಕೊಳ್ಳಿ, ಯಾವ ಆಸ್ಪತ್ರೆಗೆ ಹೋದ್ರೂ ಮೊದ್ಲು ಅದನ್ನ ತೋರ್ಸಿ.

ಮತ್ತೆ ಮಾತ್ರೆಅಂಗಡಿ ಅಣ್ಣ ಹೇಳಿದ್ದನ್ನ ಇನ್ನೊಂದ್ಸಲ ಹೇಳ್ತೀನಿ, ಇದನ್ನೆಲ್ಲ ಓದಿ ಮನೇಲಿರೋ ಮಾತ್ರೆ ತಿಪ್ಪೆಗೆ ಎಸೀಬೇಡಿ. ಫಿಟ್ಸ್ ಮಾತ್ರೆ ತಟ್ಟಂತ ಬಿಟ್ರೆ ನಿಲ್ಲದೇ ಇರೋ ಫಿಟ್ಸ್ ಬರ್ಬೋದು. ಆಲ್‌ಪ್ರಜೋಲಾಂ, ಕ್ಲೊನಜಪಾಂ ಥರದ ನಿದ್ದೆ ಮಾತ್ರೆ ವರ್ಷಗಟ್ಟಲೆ ತಗೊಂಡೋರು ಒಂದೇ ದಿನ ನಿಲ್ಸಿದ್ರೂ ಅಷ್ಟೇ. ಅದನ್ನೆಲ್ಲ ಮೆಟ್ಟಿಲು ಇಳಿಸಿದಂಗೆ ಇಳಿಸ್ಬೇಕು, ಇಳಿಸೋದು ಡಾಕ್ಟ್ರು.

ಬೇಲೂರು_ಸೊಸೆ
ಅಕ್ಕಾ ನೀವು ಫಿಟ್ಸ್ ಮಾತ್ರೆ ಅಂದ್ರಲ್ಲ ಅದಕ್ಕೆ ಕೇಳ್ತೀನಿ, ಯಾರ ಹತ್ರಾನೂ ಹೇಳ್ಕೊಂಡಿಲ್ಲ. ನಮ್ಮನೆಯೋರಿಗೆ ಬೈಕಿಂದ ಬಿದ್ದಮೇಲೆ ಫಿಟ್ಸ್ ಬಂದು ಲೆವಟಿರಾಸಿಟಮ್ ಶುರು ಮಾಡಿದ್ರು. ಫಿಟ್ಸ್ ನಿಂತಿದೆ, ಅದಕ್ಕೆ ಕೈ ಮುಗೀಬೇಕು. ಆದ್ರೆ ಮನುಷ್ಯ ಬದ್ಲಾಗ್ಬಿಟ್ಟಿದ್ದಾರೆ ಅಕ್ಕ, ಮುಂಚೆ ಜೋರಾಗಿ ಒಂದು ಮಾತಾಡಿದವ್ರಲ್ಲ, ಈಗ ಕಾಫಿಗೆ ಸಕ್ಕರೆ ಕಮ್ಮಿ ಆಯ್ತು ಅಂತ ಲೋಟ ಎಸೀತಾರೆ, ಆಮೇಲೆ ಹೋಗಿ ಒಬ್ರೇ ಕೂತು ಅಳ್ತಾರೆ. ಅತ್ತೆ ನನ್ನ ಕಾಲ್ಗುಣ ಅಂತಾರೆ.

ನರ್ಸಕ್ಕ_ಸಕಲೇಶಪುರ
ತಂಗೀ, ನಿನ್ನ ಕಾಲ್ಗುಣವೂ ಅಲ್ಲ ಕೈಗುಣವೂ ಅಲ್ಲ. ಆ ಮಾತ್ರೆಗೆ ಸಿಟ್ಟು, ಸಿಡುಕು, ಮನಸ್ಸು ಕುಗ್ಗೋದು ಗೊತ್ತಿರೋ ಅಡ್ಡಪರಿಣಾಮ, ಮಾತ್ರೆ ಪೆಟ್ಟಿಗೆ ಒಳಗಿರೋ ಕಾಗದದಲ್ಲೇ ಬರೆದಿರುತ್ತೆ. ಎಲ್ರಿಗೂ ಆಗಲ್ಲ, ಆಗೋರಿಗೆ ಜೋರಾಗೇ ಆಗುತ್ತೆ. ಡಾಕ್ಟ್ರಿಗೆ ಅವ್ರು ತಾವಾಗೇ ಹೇಳಲ್ಲ, ಗಂಡಸ್ರು ಇಂಥದ್ದನ್ನ ಹೇಳಲ್ಲ, ನೀನೇ ಜೊತೆಗೆ ಹೋಗಿ ಲೋಟದ ಕಥೆ ಅಳೋ ಕಥೆ ಎರಡನ್ನೂ ಹೇಳು. ಡೋಸ್ ಕಡಿಮೆ ಮಾಡ್ತಾರೆ ಇಲ್ಲಾ ಬೇರೆ ಮಾತ್ರೆಗೆ ನಿಧಾನಕ್ಕೆ ಬದಲಾಯಿಸ್ತಾರೆ, ದಾರಿ ಇದೆ. ಸಾಯೋ ಮಾತು ಏನಾದ್ರೂ ಆಡಿದ್ರೆ ಅಪಾಯಿಂಟ್‌ಮೆಂಟ್ ಅಂತ ಕಾಯ್ಬೇಡ, ಅವತ್ತೇ ಕರ್ಕೊಂಡು ಹೋಗು. ಅತ್ತೆಗೆ ಆ ಕಾಗದ ಓದಿ ಹೇಳೋಕೆ ಆಶಾ ಅಕ್ಕನ್ನ ಕರ್ಸು, ನೀನು ಓದಿದ್ರೆ ನಂಬಲ್ಲ ಅವ್ರು.

ಕಡೂರು_ಕಾಯಿ
ನಮ್ಮಪ್ಪನಿಗೆ ಟಿಬಿ, ಮಾತ್ರೆ ಶುರುವಾಗಿ ಮೂರನೇ ತಿಂಗಳು. ಕೆಮ್ಮು ಹೋಗಿದೆ, ತೂಕ ಬಂದಿದೆ, ಆದ್ರೆ ಎರಡೂ ಪಾದದಲ್ಲಿ ಉರಿ, ಸೂಜಿ ಚುಚ್ಚಿದಂಗೆ ಅಂತಾರೆ, ರಾತ್ರಿ ಒದ್ದೆ ಗೋಣಿ ಮೇಲೆ ಕಾಲಿಟ್ಕೊಂಡು ಮಲಗ್ತಾರೆ. ಮಾತ್ರೆ ಹೀಟು ಅಂತ ಎಳನೀರು ಕುಡಿಸ್ತಾ ಇದ್ದೀವಿ, ನಮ್ಮಲ್ಲಿ ಅದಕ್ಕೇನು ಬರ ಇಲ್ಲ. ಮಾತ್ರೆ ನಿಲ್ಲಿಸ್ತೀನಿ ಅಂತ ಹಟ ಮಾಡ್ತಿದ್ದಾರೆ.

ಮಾತ್ರೆಅಂಗಡಿ
ನಿಲ್ಲಿಸೋ ಮಾತೇ ಬೇಡ, ಅರ್ಧಕ್ಕೆ ಬಿಟ್ಟ ಟಿಬಿ ಆಮೇಲೆ ಮಾತ್ರೆಗೆ ಬಗ್ಗದೇ ಹೋಗ್ಬೋದು. ಟಿಬಿ ಮಾತ್ರೆಲಿ ಐಸೋನಿಯಜಿಡ್ ಅಂತ ಇದೆ, ಅದು ದೇಹದಲ್ಲಿರೋ ವಿಟಮಿನ್ ಬಿ6ನ ಕೆಲಸಕ್ಕೆ ಬರದಂಗೆ ಮಾಡುತ್ತೆ, ಆಗ ಉದ್ದ ಇರೋ ನರಗಳಿಗೆ ಮೊದ್ಲು ಏಟು, ಅದಕ್ಕೇ ಪಾದದಿಂದ ಶುರು ಆಗೋದು. ಸಕ್ಕರೆ ಕಾಯಿಲೆ ಇರೋರಿಗೆ, ಕುಡಿಯೋರಿಗೆ, ಸರಿಯಾಗಿ ಉಣ್ಣದೇ ಇರೋರಿಗೆ ಜಾಸ್ತಿ. ಇದಕ್ಕೇ ಜೊತೆಗೆ ಪಿರಿಡಾಕ್ಸಿನ್, ಅಂದ್ರೆ ಅದೇ ಬಿ6, ಸಣ್ಣ ಮಾತ್ರೆ ಕೊಟ್ಟಿರ್ತಾರೆ, ಅದನ್ನ ತಗೋತಿದ್ದಾರಾ ಕೇಳಿ. ಎಷ್ಟೋ ಜನ ಅದು ಬರೀ ಶಕ್ತಿ ಮಾತ್ರೆ ಅಂತ ಪಕ್ಕಕ್ಕಿಡ್ತಾರೆ. ತಗೋತಿದ್ರೂ ಉರಿ ಇದೆ ಅಂದ್ರೆ ಪಿಎಚ್‌ಸಿಲಿ ಹೇಳಿ, ಡೋಸ್ ಜಾಸ್ತಿ ಮಾಡ್ತಾರೆ. ನೀವೇ ಅಂಗಡೀಲಿ ಬಿ6 ತಗೊಂಡು ಡಬ್ಬಲ್ ತ್ರಿಬ್ಬಲ್ ನುಂಗಿಸ್ಬೇಡಿ, ಅದು ಅತಿಯಾದ್ರೆ ಅದೇ ನರಕ್ಕೆ ತೊಂದ್ರೆ ಕೊಡುತ್ತೆ.

ಕಣ್ಣೂ ನೋಡ್ಕೊಳ್ಳಿ. ಅದೇ ಕೋರ್ಸಲ್ಲಿ ಎಥಾಂಬ್ಯುಟಾಲ್ ಇರುತ್ತೆ, ಅದು ಕೆಲವ್ರಿಗೆ ಕಣ್ಣಿನ ನರಕ್ಕೆ ಬಡಿಯುತ್ತೆ. ಕೆಂಪು ಹಸಿರು ಮಸುಕಾಗೋದು ಮೊದಲ ಸೂಚನೆ. ಅಡಿಕೆ ಹಣ್ಣಾಗಿದ್ಯೋ ಕಾಯೋ ಅಂತ ಗೊತ್ತಾಗ್ತಿಲ್ಲ ಅಂದ್ರೆ ಅವತ್ತೇ ಆಸ್ಪತ್ರೆಗೆ.

ಮಲ್ನಾಡ್_ಮದ್ದು
ಇಂಗ್ಲಿಷ್ ಮಾತ್ರೆ ಎಲ್ಲಾ ಇಷ್ಟೇ. ನರದ ತೊಂದರೆಗೆ ನಮ್ಮ ಕಡೆ ನಾಟಿ ವೈದ್ಯರು ಭಸ್ಮ ಕೊಡ್ತಾರೆ, ಮೂರು ಅಮಾವಾಸ್ಯೆ ತಗೊಂಡ್ರೆ ಬೇರು ಸಮೇತ ಹೋಗುತ್ತೆ, ಸೈಡ್ ಎಫೆಕ್ಟ್ ಅನ್ನೋದೇ ಇಲ್ಲ. ಬೇಕಾದವ್ರು ಮೆಸೇಜ್ ಮಾಡಿ.

ನರ್ಸಕ್ಕ_ಸಕಲೇಶಪುರ
ಅಮಾವಾಸ್ಯೆ ಲೆಕ್ಕದಲ್ಲಿ ಕೊಡೋ ಭಸ್ಮದಲ್ಲಿ ಏನಿದೆ ಅಂತ ಪೊಟ್ಟಣದ ಮೇಲೆ ಬರೆದಿರ್ತಾರಾ ಅಣ್ಣ? ಸರಿಯಾಗಿ ಶೋಧನೆ ಆಗದ ಭಸ್ಮದಲ್ಲಿ ಸೀಸ, ಪಾದರಸ ಇರ್ಬೋದು. ಸೀಸ ಮೈಗೆ ಸೇರಿದ್ರೆ ಮಣಿಕಟ್ಟಿನ ನರ ಸತ್ತು ಕೈ ಮೇಲಕ್ಕೆ ಏಳದೇ ಜೋತು ಬೀಳುತ್ತೆ. ಆಯುರ್ವೇದ ಓದಿ ಲೈಸೆನ್ಸ್ ಇರೋ ವೈದ್ಯರ ಬಗ್ಗೆ ನಾನು ಹೇಳ್ತಿಲ್ಲ, ಪೊಟ್ಟಣದವ್ರ ಬಗ್ಗೆ ಹೇಳ್ತಿರೋದು. ಇಲ್ಲಿ ವ್ಯಾಪಾರ ಬೇಡ.

ಆಲೂರು_ಹೈದ
ಅಪ್ಡೇಟ್ ಹಾಕ್ತೀನಿ ಅಂದಿದ್ದೆ, ಕೊಯ್ಲು ಅಂತ ತಡ ಆಯ್ತು. ಹಾಸನಕ್ಕೆ ಕರ್ಕಂಡೋಗಿದ್ದೆ. ಡಾಕ್ಟ್ರು ಕವರ್ ಟೇಬಲ್ ಮೇಲೆ ಸುರಿದು ಒಂದೊಂದೇ ಸ್ಟ್ರಿಪ್ ತಿರುಗಿಸಿ ಓದಿದ್ರು, ಹೆಬ್ಬೆಟ್ಟು ತೋರುಬೆರಳು ಬಡಿಸಿ ನೋಡಿದ್ರು, ರೊಟ್ಟಿ ತಟ್ಟೋ ಕಥೆ ಹೇಳಿದ್ದಕ್ಕೆ ಇದೇ ಟೆಸ್ಟ್ ಅದು ಅಂದ್ರು. ಎಲ್‌ಎಸ್ ಕ್ಯಾಪ್ಸೂಲು, ಸಿನ್ನರಿಜಿನ್ ಎರಡೂ ಬಂದ್. ಪಾರ್ಕಿನ್ಸನ್ ಮಾತ್ರೆ ಈಗ್ಲೇ ಬೇಡ, ವಾರಗಳಲ್ಲೇ ಕೆಲವ್ರಿಗೆ ಇಳಿಯುತ್ತೆ, ಕೆಲವ್ರಿಗೆ ತಿಂಗಳುಗಟ್ಟಲೆ ಹಿಡಿಯುತ್ತೆ, ಆರು ತಿಂಗಳಾದ್ರೂ ಹಂಗೇ ಇದ್ರೆ ಬೆಂಗಳೂರಲ್ಲಿ ಟ್ರೋಡಾಟ್ ಅಂತ ಮೆದುಳಿನ ಸ್ಕ್ಯಾನ್ ಮಾಡ್ಸಾಣ ಅಂದ್ರು. ಬರೀ ಮಾತ್ರೆಯಿಂದ ಆಗಿದ್ರೆ ಅದ್ರಲ್ಲಿ ನಾರ್ಮಲ್ ಬರುತ್ತಂತೆ, ಒಳಗೆ ನಿಜವಾದ ಕಾಯಿಲೆನೂ ಇದ್ದು ಮಾತ್ರೆ ಅದನ್ನ ಬೇಗ ಹೊರಗೆ ತಂದಿದ್ರೆ ಸ್ಕ್ಯಾನಲ್ಲಿ ಗೊತ್ತಾಗುತ್ತಂತೆ. ಹಂಗೂ ಇರ್ಬೋದು ಅಂತ ಮುಚ್ಚುಮರೆ ಇಲ್ದೆ ಹೇಳಿದ್ರು, ನಂಗೆ ಅದೇ ಇಷ್ಟ ಆಗಿದ್ದು.

ಅದ್ಕಿಂತ ಮಜಾ ಏನಂದ್ರೆ ತಲೆಸುತ್ತು. ಅವ್ವಂಗೆ ಮಗ್ಗುಲು ಬದಲಾಯಿಸಿದಾಗ, ಬಗ್ಗಿ ಎದ್ದಾಗ ಮಾತ್ರ ಸುತ್ತು ಬರೋದು, ಒಂದರ್ಧ ನಿಮಿಷ. ಡಾಕ್ಟ್ರು ಮಂಚದ ಮೇಲೆ ಮಲಗ್ಸಿ ತಲೆ ಒಂದ್ ಕಡೆ ತಿರುಗ್ಸಿ ಜೋತು ಬಿಡ್ಸಿದ್ರು, ಅವ್ವ ಅಯ್ಯಯ್ಯೋ ಅಂತ ನನ್ನ ಅಂಗಿ ಕಿತ್ತೋಗೋಹಂಗೆ ಹಿಡ್ಕಂಡ್ರು, ಕಣ್ಣುಗುಡ್ಡೆ ಕುಣೀತಿದ್ದುದ್ದು ನಂಗೇ ಕಾಣ್ತು. ಒಳಗಿವಿಲಿ ಸಣ್ಣ ಹರಳು ಜಾಗ ತಪ್ಪಿರ್ತವಂತೆ. ಆ ಕಡೆ ಈ ಕಡೆ ತಲೆ ತಿರುಗ್ಸಿ ಎಬ್ಬಿಸಿ ಕೂರಿಸಿದ್ರು, ಎಪ್ಲಿ ಅಂತ ಹೆಸ್ರು ಆ ವಿಧಾನಕ್ಕೆ, ಅಷ್ಟೇ. ಒಂದು ವರ್ಷ ಮಾತ್ರೆ ನುಂಗಿದ್ದು ಹತ್ತು ನಿಮಿಷದಲ್ಲಿ ಮುಗೀತು. ಹೇಳೋಕೆ ಸಿಟ್ಟು ಬರ್ತದೆ.

ಈಗ ಹೆಂಗವ್ರೆ ಅಂದ್ರೆ, ನಡಿಗೆ ಚುರುಕಾಗೈತೆ, ಮೊನ್ನೆ ಸೊಸೆ ಜೊತೆ ಜಗಳ ಆಡಿದ್ರು, ಮುಖದಲ್ಲಿ ಸಿಟ್ಟು ಕಾಣ್ತು, ಎಲ್ರಿಗೂ ಖುಷಿ. ಎಡಗೈ ಇನ್ನೂ ಅದುರ್ತೈತೆ.

ಹಳೇಬೀಡು_ಮೇಷ್ಟ್ರು
ಒಳ್ಳೇ ಸುದ್ದಿ. ನಾನೂ ಡಬ್ಬಿ ನೋಡಿದೆ, ಪ್ಯಾಂಟೊಪ್ರಜೋಲ್ 40 ಮಾತ್ರ ಇರೋದು, ಮಾತ್ರೆಅಂಗಡಿಯವ್ರು ಹೇಳಿದ್ದು ಸರಿ. ಆದ್ರೆ ಹೆದರಿಸಬೇಡಿ ಅನ್ನೋ ಮಾತು ನಂದು ಹಂಗೇ ಇದೆ.

ಕೊಪ್ಪದ_ಭಟ್ರು
ಅತ್ತೆಯ ಮಾತ್ರೆ ಬದಲಾಯ್ಸಿದರು, ಈಗ ಒಂದು ಹರಿಕಥೆ ಪೂರ್ತಿ ಕೂತು ಕೇಳ್ತಾರೆ. ನನ್ನದೊಂದು ಉಂಟು. ಶುಗರಿಗೆ ಮೆಟ್‌ಫಾರ್ಮಿನ್ ಬಹಳ ವರ್ಷದಿಂದ, ಜೊತೆಗೆ ಮೇಷ್ಟ್ರ ಹಾಗೆ ಪ್ಯಾಂಟೊಪ್ರಜೋಲ್. ಪಾದ ಜೋಮು, ಚಪ್ಪಲಿ ಕಳಚಿ ಹೋದ್ರೂ ಗೊತ್ತಾಗುದಿಲ್ಲ. ಶುಗರ್ ಇದ್ದವರಿಗೆ ಅದು ಸಹಜ ಅಂದರು. ಹೌದೋ?

ಮಾತ್ರೆಅಂಗಡಿ
ಶುಗರಿಂದಾನೂ ಆಗುತ್ತೆ, ಆದ್ರೆ ಅಷ್ಟಕ್ಕೇ ಬಿಡ್ಬೇಡಿ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡ್ರೆ ಬಿ12 ಹೀರ್ಕೊಳ್ಳೋದು ಕಡಿಮೆ ಆಗುತ್ತೆ. ಆಸಿಡ್ ಕಡಿಮೆ ಮಾಡೋ ಮಾತ್ರೆಯಿಂದ ಇನ್ನೂ ಕಡಿಮೆ. ಮೇಲೆ ನಿಮ್ದು ಮೊಟ್ಟೆನೂ ಮುಟ್ಟದ ಮನೆ, ಬಿ12 ಬರೋದೇ ಹಾಲು ಮೊಸರಿಂದ. ಮೂರೂ ಸೇರಿದೆ ನಿಮ್ಮಲ್ಲಿ. ಮುಂದಿನ ಸಲ ಶುಗರ್ ಟೆಸ್ಟಿಗೆ ರಕ್ತ ಕೊಡೋವಾಗ ಬಿ12 ಟೆಸ್ಟೂ ಬರ್ಕೊಡಿ ಅಂತ ಕೇಳಿ. ಕಡಿಮೆ ಇದ್ರೆ ಇಂಜೆಕ್ಷನ್ನೋ ಮಾತ್ರೆನೋ ಕೊಡ್ತಾರೆ, ತುಂಬಾ ತಡ ಆದ್ರೆ ನರ ಪೂರ್ತಿ ವಾಪಸ್ ಬರಲ್ಲ. ಮೆಟ್‌ಫಾರ್ಮಿನ್ ಬಿಡ್ಬೇಕಿಲ್ಲ. ಮೇಷ್ಟ್ರೆ, ನೀವೂ ಮಾಡಿಸ್ಕೊಳ್ಳಿ, ಹೆದರಿಸ್ತಿಲ್ಲ.

ಬೇಲೂರು_ಸೊಸೆ
ಇಂಥದ್ದೆಲ್ಲ ಆದಾಗ ಸರ್ಕಾರಕ್ಕೆ ಹೇಳೋಕೆ ಏನಾದ್ರೂ ಇದ್ಯಾ? ಕಂಪ್ಲೇಂಟ್ ಅಂತಲ್ಲ, ಇನ್ನೊಬ್ರಿಗೆ ಆಗದೇ ಇರ್ಲಿ ಅಂತ.

ನರ್ಸಕ್ಕ_ಸಕಲೇಶಪುರ
ಇದೆ. 2010ರಿಂದ ಕೇಂದ್ರ ಸರ್ಕಾರದ ಫಾರ್ಮಕೊವಿಜಿಲೆನ್ಸ್, ಅಂದ್ರೆ ಔಷಧಿಗಳ ಅಡ್ಡಪರಿಣಾಮದ ಮೇಲೆ ಕಣ್ಣಿಡೋ ಕಾರ್ಯಕ್ರಮ ನಡೀತಿದೆ, ಮುಖ್ಯ ಕಚೇರಿ ಗಾಜಿಯಾಬಾದ್‌ನಲ್ಲಿ. ಟೋಲ್ ಫ್ರೀ 1800-180-3024. ಡಾಕ್ಟ್ರೇ ಹೇಳ್ಬೇಕು ಅಂತಿಲ್ಲ, ರೋಗಿ ಕಡೆಯವ್ರೂ ತಿಳಿಸ್ಬೋದು, ಅದಕ್ಕೆ ಕನ್ನಡದಲ್ಲೇ ಫಾರಂ ಇದೆ. ಔಷಧಿಯಿಂದಾನೇ ಆಗಿದ್ದು ಅಂತ ನೀವು ಸಾಬೀತು ಮಾಡ್ಬೇಕಾಗಿಲ್ಲ, ಅನುಮಾನ ಇದ್ರೆ ಸಾಕು. ಇದು ಪರಿಹಾರ ಕೊಡ್ಸೋ ಜಾಗ ಅಲ್ಲ, ಯಾರ ಮೇಲೂ ಕೇಸ್ ಆಗಲ್ಲ. ಬಂದ ವರದಿಗಳನ್ನ ಒಟ್ಟುಮಾಡಿ ನೋಡ್ತಾರೆ, ಯಾವ ಔಷಧಿಗೆ ಎಚ್ಚರಿಕೆ ಸೇರಿಸ್ಬೇಕು ಅನ್ನೋದು ಅದ್ರಿಂದ ತಿಳಿಯುತ್ತೆ. ನಮ್ಮ ವಾರ್ಡಿಂದಾನೂ ಕಳ್ಸಿದ್ದೀವಿ.

ಆಲೂರು_ಹೈದ
ಅಕ್ಕ ಅದ್ರಲ್ಲಿ ಬ್ಯಾಚ್ ನಂಬರ್ ಕೇಳ್ತಾರಾ? ನನ್ನತ್ರ ಇರೋದು ತುಂಡು ಸ್ಟ್ರಿಪ್ಪು.

ಮಾತ್ರೆಅಂಗಡಿ
ಕೇಳ್ತಾರೆ, ಇಲ್ಲ ಅಂದ್ರೂ ಫಾರಂ ತಗೋತಾರೆ. ಇನ್ಮೇಲೆ ಬಿಲ್ ಕೇಳಿ ಇಸ್ಕೊಳ್ಳಿ, ಬ್ಯಾಚ್ ನಂಬರ್ ಅದ್ರಲ್ಲಿ ಬಂದಿರುತ್ತೆ. ಬಿಲ್ ಕೊಡಲ್ಲ ಅನ್ನೋ ಅಂಗಡೀಲಿ ಔಷಧಿ ತಗೋಬೇಡಿ, ನನ್ನ ಕಸುಬಿನವ್ರ ಹೊಟ್ಟೆ ಮೇಲೆ ನಾನೇ ಹೊಡೆದಂಗಾದ್ರೂ ಪರ್ವಾಗಿಲ್ಲ.

ಕಡೂರು_ಕಾಯಿ
ಅಪ್ಪ ಆ ಸಣ್ಣ ಮಾತ್ರೆ ತಗೋತಿರ್ಲಿಲ್ಲ, ದಿಂಬಿನ ಕೆಳಗೆ ಅಷ್ಟೂ ಸಿಕ್ತು. ಪಿಎಚ್‌ಸಿಲಿ ಡೋಸ್ ಬರ್ಕೊಟ್ಟಿದ್ದಾರೆ, ಸೋಮವಾರ ಚಿಕ್ಕಮಗಳೂರಲ್ಲಿ ಕಣ್ಣಿನ ಟೆಸ್ಟು.